ಅವರ ದನಿಯಲ್ಲಿ ನಲವತ್ತು ಪದ

ನಾನು ಕಂಪ್ಯೂಟರ್ ಬಿಚ್ಚುವವಳು. ಕಟ್ಟುವವರನ್ನು ಇಂಜಿನಿಯರ್ ಅನ್ನುತ್ತಾರೆ, ಬಿಚ್ಚುವವರಿಗೆ ಹೆಸರೇ ಇಲ್ಲ. ಹತ್ತೊಂಬತ್ತು ವರ್ಷದಿಂದ ಒಂದೇ ಮೇಜಿನ ಮುಂದೆ ಕೂತು, ಜನ ಎಸೆದ ಕಂಪ್ಯೂಟರುಗಳ ಹೊಟ್ಟೆ ಬಗೆದು, ಬೋರ್ಡು ಒಂದು ಕಡೆ, ವೈರು ಒಂದು ಕಡೆ, ಬ್ಯಾಟರಿ ಒಂದು ಕಡೆ, ಡಿಸ್ಕು ಒಂದು ಕಡೆ ಹಾಕುತ್ತಾ ಬಂದಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟಿದರೂ ಸ್ಕ್ರೂ ಎಲ್ಲೆಲ್ಲಿವೆ ಎಂದು ಬೆರಳು ಹೇಳುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ಮಾಡಿದ ಘನಂದಾರಿ ಕೆಲಸ ಏನು ಅಂತ ಹೇಳಬೇಕಲ್ಲ, ಅದಕ್ಕೆ.

ನಮ್ಮ ಶೆಡ್ಡಿನಲ್ಲಿ ಮೊದಲು ಬಣ್ಣದ ಬುಟ್ಟಿಗಳಿದ್ದವು. ಕೆಂಪು ಬುಟ್ಟಿಯದು ಪುಡಿಗೆ, ಹಸಿರಿನದು ರಿಪೇರಿಗೆ, ಹಳದಿಯದು ವಿಷದ ಸಾಮಾನು. ಓದು ಬರಹ ಯಾರಿಗೆ ಬೇಕಿತ್ತು? ಆಮೇಲೆ ಕಂಪನಿಗೆ ಯಾವುದೋ ದೊಡ್ಡ ಸರ್ಟಿಫಿಕೇಟು ಬಂತು, ಅದರ ಬೆನ್ನಿಗೇ ಹೊಸ ಸೂಪರ್‌ವೈಸರ್ ಮೇಡಂ ಬಂದರು. ಬುಟ್ಟಿಗಳೆಲ್ಲ ಒಂದೇ ಬೂದು ಬಣ್ಣದವಾದವು. ಪ್ರತಿ ಸಾಮಾನಿಗೂ ಒಂದು ಬಿಳಿ ಚೀಟಿ, ಚೀಟಿಯ ಮೇಲೆ ಕಪ್ಪು ಇಂಗ್ಲಿಷ್ ಅಕ್ಷರ. ಗೋಡೆಯ ಮೇಲೆ ದೊಡ್ಡದಾಗಿ 'ಚೀಟಿ ಹೇಳಿದ್ದೇ ಮಾತು' ಅಂತ ಬರೆಸಿದರು. ಅದೊಂದು ಮಾತ್ರ ಕನ್ನಡದಲ್ಲಿ. ಸಾಮಾನು ಮೊನ್ನೆ ಅಂಗಡಿಯಿಂದ ಬಂದ ಹಾಗೆ ಹೊಳೆಯುತ್ತಿದ್ದರೂ ಚೀಟಿ ಪುಡಿ ಮಾಡು ಅಂದರೆ ಪುಡಿ ಮಾಡಬೇಕು, ಯಾಕೆ ಅಂತ ಕೇಳಬಾರದು. ನಾವು ಆಕೆಗೆ ಚೀಟಿ ಮೇಡಂ ಅಂತಲೇ ಹೆಸರಿಟ್ಟೆವು.

ಚೀಟಿಗಳಲ್ಲಿ ಬರುವ ಪದ ಒಟ್ಟು ನಲವತ್ತು. ನಾಲ್ಕು ತಿಂಗಳಾದ ಮೇಲೆ ಪರೀಕ್ಷೆ ಎಂದರು. ಮೇಡಂ ಚೀಟಿ ಎತ್ತಿ ಹಿಡಿಯುತ್ತಾರೆ, ನಾವು ಓದಿ, ಅರ್ಥ ಹೇಳಿ, ಸಾಮಾನನ್ನು ಸರಿಯಾದ ಬುಟ್ಟಿಗೆ ಹಾಕಬೇಕು. ಆಗದವರಿಗೆ ಮೇಜು ಇಲ್ಲ, ಪೊರಕೆ. ನಾನು ಓದಿದ್ದು ಐದನೇ ಕ್ಲಾಸು, ಇಂಗ್ಲಿಷ್ ಅಕ್ಷರ ನನಗೆ ಮುರಿದ ಸ್ಕ್ರೂಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ.

ಅದೇ ಹೊತ್ತಿಗೆ ನಮ್ಮವರ ಗಂಟಲಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು.

ಅವರು ಬಸ್ ಕಂಡಕ್ಟರ್. ಇಪ್ಪತ್ತೆಂಟು ವರ್ಷ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಕೂಗಿದ ದನಿ ಅದು. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಪಕ್ಕದ ಸೀಟಿನಲ್ಲಿ ಮಲಗಿದ್ದ ಮಗು ಏಳುತ್ತಿತ್ತು. ಮನೆಯಲ್ಲೂ ಅದೇ ದನಿ. 'ಇಂಜಿನಿಯರಮ್ಮಾ, ಚಹಾ!' ಅಂದರೆ ಪಕ್ಕದ ಮನೆಯವರು ಒಲೆ ಹಚ್ಚುತ್ತಿದ್ದರು. ಮೆಲ್ಲಗೆ ಮಾತಾಡ್ರೀ ಅಂತ ಇಪ್ಪತ್ತನಾಲ್ಕು ವರ್ಷ ಗೋಗರೆದಿದ್ದೇನೆ. ಯಾವ ಬಾಯಲ್ಲಿ ಹೇಳಿದೆನೋ.

ಗಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆಯಲೇಬೇಕು ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಧ್ವನಿ ವಿಭಾಗ ಅಂತ ಒಂದಿದೆ, ಅಲ್ಲಿನ ಡಾಕ್ಟರಮ್ಮ ಮಾತ್ರ ಒಂದು ದಾರಿ ತೋರಿಸಿದರು. ಆಪರೇಷನ್‌ಗೆ ಮುಂಚೆ ಅವರು ಕೊಟ್ಟ ಸಾವಿರದ ಆರುನೂರು ವಾಕ್ಯಗಳನ್ನು ನಮ್ಮವರು ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಡಬೇಕು. ಆಮೇಲೆ ಅದರಿಂದ ಯಂತ್ರವೊಂದನ್ನು ತಯಾರು ಮಾಡುತ್ತಾರೆ. ಇವರು ಏನು ಟೈಪ್ ಮಾಡಿದರೂ ಅದು ಇವರದೇ ದನಿಯಲ್ಲಿ ಹೇಳುತ್ತದೆ. 'ಬೇರೆ ಯಾರ್ದೋ ದನಿ ಅಲ್ಲಮ್ಮ, ನಿಮ್ಮ ಯಜಮಾನ್ರದ್ದೇ' ಎಂದಾಗ ನಾನು ಆಕೆಯ ಕೈ ಹಿಡಿದು ಅತ್ತುಬಿಟ್ಟೆ.

ಮನೆಯಲ್ಲಿ ಒಂದು ಕಂಪ್ಯೂಟರಿತ್ತು. ಶೆಡ್ಡಿಗೆ ಬಂದ ಹಳೆಯದರಲ್ಲಿ ಒಂದನ್ನು ಕಂಪನಿಯೇ ನನಗೆ ಕೊಟ್ಟಿತ್ತು, ನಾನೇ ಸರಿಮಾಡಿಕೊಂಡಿದ್ದೆ. ಅದರ ಮುಂದೆ ಇವರು ಮೂರು ವಾರ ಕೂತರು. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಬೆವರು ಸುರಿಸಿಕೊಂಡು ವಾಕ್ಯದ ಮೇಲೆ ವಾಕ್ಯ ಓದಿದರು. ಕೆಮ್ಮು ಬಂದರೆ ಆ ವಾಕ್ಯ ಮತ್ತೆ ಮೊದಲಿನಿಂದ. ಸಾವಿರದ ಆರುನೂರು ಮುಗಿದ ಮೇಲೆ ಚಟಕ್ಕೆ ಒಂದು 'ಮುಂದೆ ಹೋಗಿ'ಯನ್ನೂ ಸೇರಿಸಿದರು.

ಆಸ್ಪತ್ರೆಗೆ ಸೇರುವ ಹಿಂದಿನ ಸಾಯಂಕಾಲ ನನ್ನನ್ನು ಕರೆದು, 'ನಿನ್ನ ನಲವತ್ತು ಪದ ತಗೊಂಬಾ' ಎಂದರು.

'ಈಗ್ಯಾಕ್ರೀ ಅದು?'

'ನಾಳೆಯಿಂದ ನಿಂಗೆ ಯಾರು ಹೇಳ್ಕೊಡ್ತಾರೆ? ನಿನ್ನ ಫೋನಲ್ಲೇ ಹೇಳ್ತೀನಿ, ಬಸ್ಸಲ್ಲಿ ಕೇಳ್ಕೊಂಡು ಹೋಗು.'

ಕಂಬಳಿ ಬಿಚ್ಚಿಯಾಗಿತ್ತು. ಹೊರಗೆ ಗಾಡಿಗಳ ಹಾರನ್ನು, ಒಳಗೆ ಇವರ ಕೆಮ್ಮು. ಅದರ ನಡುವೆಯೇ ಹೇಳುತ್ತಾ ಹೋದರು. 'ಒಂದು. ರೀಯೂಸ್. ಅಂದ್ರೆ ಮತ್ತೆ ಬಳಸೋದು. ಎರಡು. ರಿಪೇರ್. ಅದು ನಿಂಗೇ ಗೊತ್ತು.' ನಲವತ್ತನೆಯದರ ಹೊತ್ತಿಗೆ ಗಂಟಲು ಕಟ್ಟಿತ್ತು. ನಾನು ಫೋನ್ ತೆಗೆದಿಟ್ಟು ಬಿಸಿನೀರು ತರಲು ಎದ್ದೆ.

ಆಪರೇಷನ್ ಆಯಿತು. ಗಡ್ಡೆ ಹೋಯಿತು, ದನಿ ಹೋಯಿತು, ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಇವರು ಒಂದು ಸ್ಲೇಟು ಹಿಡಿದರು. ಬರೆಯಲು ಬೇಸರವಾದರೆ ಮೇಜು ಕುಟ್ಟುವರು. ಒಂದು ಏಟು ಅಂದರೆ ಹೌದು, ಎರಡು ಅಂದರೆ ಇಲ್ಲ, ಮೂರು ಅಂದರೆ ಇಲ್ಲಿ ಬಾ. ಯಂತ್ರ ಬಂದ ಮೇಲೆ ಮೊದಲ ಮಾತು ಏನು ಆಡುತ್ತೀರಿ ಅಂತ ಕೇಳಿದರೆ ಸ್ಲೇಟಿನಲ್ಲಿ 'ಗುಟ್ಟು' ಅಂತ ಬರೆದು ಮೀಸೆಯಲ್ಲೇ ನಕ್ಕರು.

ಕಂಪ್ಯೂಟರು ಅಷ್ಟರಲ್ಲಿ ಕೆಟ್ಟು ಕೂತಿತ್ತು. ಅದಕ್ಕೇನು, ವಾಕ್ಯಗಳಿದ್ದದ್ದು ಡಿಸ್ಕಿನಲ್ಲಿ. ಬಿಚ್ಚಿ ಹೊರಗೆ ತೆಗೆದೆ. ಅಂಗೈಯಗಲದ ಕಬ್ಬಿಣದ ತುಂಡು. ಇನ್ನೊಂದು ಕಾಪಿ ಮಾಡಿಡಿ ಅಂತ ಡಾಕ್ಟರಮ್ಮ ಎರಡು ಸಲ ಹೇಳಿದ್ದರು. 'ಡಿಸ್ಕು ಅಷ್ಟು ಸುಲಭಕ್ಕೆ ಸಾಯಲ್ಲ ಮೇಡಂ, ದಿನಾ ನೂರು ನೋಡ್ತೀನಿ' ಅಂದಿದ್ದೆ ನಾನು, ದೊಡ್ಡ ಪಂಡಿತೆ. ಧ್ವನಿ ವಿಭಾಗದಲ್ಲಿ ನಮ್ಮ ಸರದಿ ಬರಲು ಇನ್ನೂ ಒಂದು ತಿಂಗಳಿತ್ತು, ಡಿಸ್ಕನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ.

ಆ ತಿಂಗಳು ಮನೆಯಲ್ಲಿ ನಮ್ಮದೊಂದು ಆಟ ನಡೆಯಿತು. ನಾನು ಶೆಡ್ಡಿನಿಂದ ಕಿತ್ತು ಬಿಸಾಡಿದ ಹಳೆ ಚೀಟಿಗಳನ್ನು ತರುತ್ತಿದ್ದೆ. ಅವುಗಳ ಅಂಟು ಹೋಗಿರುತ್ತಿತ್ತು, ಇವರು ಆಸ್ಪತ್ರೆಯಿಂದ ತಂದ ಬಿಳಿ ಬ್ಯಾಂಡೇಜ್ ಪಟ್ಟಿ ಹಾಕಿ ಅಂಟಿಸುವರು. ಒಲೆಗೆ 'ಹಜಾರ್ಡಸ್', ಒಡಕು ಬಕೆಟ್ಟಿಗೆ 'ಸ್ಕ್ರ್ಯಾಪ್', ನನ್ನ ತವರಿನ ಪೆಟ್ಟಿಗೆಗೆ 'ಎಂಡ್ ಆಫ್ ಲೈಫ್'. ಒಂದು ಸಲ ನನಗೆ ತಿಳಿಯದ ಹಾಗೆ ನನ್ನ ಬೆನ್ನಿಗೇ 'ಹ್ಯಾಂಡಲ್ ವಿತ್ ಕೇರ್' ಅಂಟಿಸಿ ಅಂಗಡಿಗೆ ಕಳಿಸಿದ್ದರು. ಅಂಗಡಿಯವನು ಓದಿ ಹೇಳುವ ತನಕ ಬೀದಿಯುದ್ದಕ್ಕೂ ಹಾಗೇ ಮೆರೆದಿದ್ದೆ. ದಿನಾ ಬೆಳಗ್ಗೆ ಯಾವುದಾದರೂ ಒಂದು ವಸ್ತುವಿಗೆ ತಪ್ಪು ಚೀಟಿ ಅಂಟಿಸಿಡುವುದು ಅವರ ಪಾಲಿನ ಆಟ. ನಾನು ಕೆಲಸಕ್ಕೆ ಹೊರಡುವುದರೊಳಗೆ ಅದನ್ನು ಹುಡುಕಿ, ಯಾಕೆ ತಪ್ಪು ಅಂತ ಹೇಳಬೇಕು.

ಇಪ್ಪತ್ತಮೂರು ದಿನ ಹುಡುಕಿದೆ. ಒಂದು ದಿನವೂ ಸೋಲಲಿಲ್ಲ. ಅವರು ಎದೆ ತಟ್ಟಿಕೊಂಡು ಸ್ಲೇಟಿನಲ್ಲಿ 'ನನ್ನ ಶಿಷ್ಯೆ' ಎಂದು ಬರೆದರು. ನಿಜ ಹೇಳುತ್ತೇನೆ, ಒಂದು ದಿನವೂ ಓದಲಿಲ್ಲ. ಹಳೆಯ ಪಟ್ಟಿ ಅಂಚಿನಲ್ಲಿ ಕೊಳೆಯಾಗಿರುತ್ತದೆ, ಹೊಸದು ಬೆಳ್ಳಗಿರುತ್ತದೆ. ಬೆಳ್ಳಗಿರುವುದನ್ನು ಹುಡುಕಿ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಪದಗಳಲ್ಲಿ ಒಂದೊಂದನ್ನೇ ಹೇಳುತ್ತಾ ಅವರ ಮುಖ ನೋಡುತ್ತಿದ್ದೆ. ಹುಬ್ಬು ಮೇಲೇರಿದರೆ ಅದೇ ಪದ. ಕಂಡಕ್ಟರ್ ಮುಖ, ಅದರಲ್ಲಿ ಏನೂ ಅಡಗುವುದಿಲ್ಲ. ಅವರ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ, ಪರೀಕ್ಷೆಗೆ ಇನ್ನೂ ದಿನವಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಪ್ಪತ್ತನಾಲ್ಕನೆಯ ದಿನ ಧ್ವನಿ ವಿಭಾಗದಲ್ಲಿ ನಮ್ಮ ಸರದಿ, ಮಧ್ಯಾಹ್ನ ಹನ್ನೆರಡಕ್ಕೆ. ಹನ್ನೊಂದಕ್ಕೆ ಶೆಡ್ಡಿನಿಂದ ರಜೆ ಪಡೆದು, ಮನೆಗೆ ಬಂದು ಇವರನ್ನು ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ಡಿಸ್ಕನ್ನು ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು. ಬಿಡಲಿಲ್ಲ. ಬೆಲೆಯುಳ್ಳದ್ದು ನನ್ನ ಕೈಯಲ್ಲೇ ಇರಲಿ ಎಂಬ ಹುಂಬತನ. ಬಟ್ಟೆಯ ಗಂಟನ್ನು ಹಿಂದಿನ ದಿನವೇ ಚೀಲಕ್ಕೆ ಹಾಕಿಟ್ಟಿದ್ದೆ.

ಬೆಳಗ್ಗೆ ನೀರು ಬರುವುದು ತಡವಾಯಿತು, ಎಲ್ಲ ಗಡಿಬಿಡಿ. ಚಪ್ಪಲಿ ಮೆಟ್ಟುವಾಗ ಇವರು ಬಾಗಿಲಲ್ಲಿ ನಿಂತು ಚೌಕಟ್ಟನ್ನು ಕುಟ್ಟಿ ಕಣ್ಣಲ್ಲೇ ಕೇಳಿದರು: ಸಿಕ್ಕಿತಾ?

'ಸಿಕ್ತು ರೀ, ಸಿಕ್ತು. ಬಂದ್ಮೇಲೆ ಹೇಳ್ತೀನಿ' ಎಂದೆ. ಹುಡುಕಿಯೇ ಇರಲಿಲ್ಲ. ಅವರು ಹುಬ್ಬೇರಿಸಿ, ಒಂದು ಸಲ ಬಾಗಿಲು ಕುಟ್ಟಿ, ಕೈಬೀಸಿದರು.

ನಮ್ಮ ಗೇಟಿನಲ್ಲಿ ಒಂದು ನಿಯಮವಿದೆ. ಹೊರಗಿನ ಡಿಸ್ಕನ್ನು ಯಾರೂ ಒಳಗೆ ಒಯ್ಯುವ ಹಾಗಿಲ್ಲ, ಒಳಗಿನದರ ಜೊತೆ ಬೆರೆತುಹೋಗುತ್ತದೆ ಅಂತ. ಕಾವಲಿನವರ ಹಲಗೆಯ ಮೇಲೆ ಇಟ್ಟು ಹೋಗಬೇಕು. ಕಾವಲಿನವರನ್ನು ನಾವು ಬೀಗದಣ್ಣ ಅನ್ನುತ್ತೇವೆ. ಬೀಗದಣ್ಣ ಗಂಟು ಬಿಚ್ಚಿಸಿದ. ಡಿಸ್ಕಿನ ಮೇಲೆ ಒಂದು ಚೀಟಿ, ಸುತ್ತ ಬೆಳ್ಳನೆಯ ಪಟ್ಟಿ. ಓಹೋ, ಇದೋ ಇವತ್ತಿನದು ಅಂದುಕೊಂಡು ನಗು ಬಂತು. ಆಸ್ಪತ್ರೆಗೆ ಹೋಗುವ ಸಾಮಾನಲ್ಲವೇ, 'ಹ್ಯಾಂಡಲ್ ವಿತ್ ಕೇರ್' ಅಂತಲೇ ಇರಬೇಕು, ಇವತ್ತು ಆಟ ಬಿಟ್ಟು ಜೋಪಾನ ಹೇಳಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಚೀಟಿ ಮೇಡಂ ಬಂದರು.

'ಯಾರದು ಈ ಡಿಸ್ಕ್?'

'ನಂದೇ ಮೇಡಂ. ಮನೇದು.'

ಅವರು ಕೈಗೆತ್ತಿಕೊಂಡು ಚೀಟಿ ನೋಡಿದರು. ನಮ್ಮಲ್ಲಿ ಎಷ್ಟೋ ಜನ ಮನೆಯ ಹಳೆ ಡಿಸ್ಕನ್ನು ತಂದು ಪುಡಿಗೆ ಹಾಕಿಸುತ್ತಾರೆ, ಕಂಪನಿ ಬೇಡ ಅನ್ನುವುದಿಲ್ಲ. ಇದು ನನಗೆ ಆ ಕ್ಷಣ ನೆನಪಾಗಬೇಕಿತ್ತು.

'ಚೀಟಿ ನೀವೇ ಅಂಟಿಸಿದ್ದಾ? ಓದಿದ್ದೀರಾ? ಇದರಲ್ಲಿ ಇರೋ ಹಾಗೆ ಮಾಡಬಹುದಲ್ವಾ?'

ಹತ್ತು ದಿನಕ್ಕೆ ಪರೀಕ್ಷೆ. ಓದಲಿಲ್ಲ ಅಂದರೆ ಇಲ್ಲೇ ಓದಿ ಅಂದಾರು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದಾರೆ. ನಾನು ಚೀಟಿಯ ಮೇಲೆ ಬೆರಳು ಆಡಿಸಿ, ಓದುವವರ ಹಾಗೆ ತುಟಿ ಅಲ್ಲಾಡಿಸಿ, 'ಓದಿದ್ದೀನಿ ಮೇಡಂ. ಸರಿಯಾಗಿದೆ. ಹಾಗೇ ಮಾಡಿ' ಎಂದೆ.

'ವೆರಿ ಗುಡ್' ಎಂದರು ಮೇಡಂ. ಮೂರು ತಿಂಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿಹೋಗಿ ಒಳಗೆ ಹೋದೆ.

ನಮ್ಮ ಶೆಡ್ಡಿನ ಹಿಂದೆ ಪುಡಿ ಮಾಡುವ ಯಂತ್ರವಿದೆ. ಏನು ಕೊಟ್ಟರೂ ಕರಕರ ಅಗಿಯುತ್ತದೆ, ಎಷ್ಟು ಕೊಟ್ಟರೂ ಸಾಲದು ಅನ್ನುತ್ತದೆ. ಅದಕ್ಕೆ ನಾವಿಟ್ಟ ಹೆಸರು ಅತ್ತೆ. ಅದನ್ನು ನಡೆಸುವವರು ಸಹಜವಾಗಿ ಮಾವ. ಹತ್ತೂವರೆಗೆ ಅತ್ತೆ ಶುರುವಾದ ಸದ್ದು ಕೇಳಿತು. ಪಕ್ಕದ ಮೇಜಿನವಳು, 'ಅತ್ತೆ ಊಟಕ್ಕೆ ಕೂತಳು ನೋಡು' ಎಂದಳು. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ತಿನ್ನಲಿ ಬಿಡು' ಎಂದು ನಾನು ನಕ್ಕೆ. ಅವಳು ಏನನ್ನು ತಿನ್ನುತ್ತಿದ್ದಾಳೆ ಅಂತ ಗೊತ್ತಿಲ್ಲದೆ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೈ ತೊಳೆದು ಗೇಟಿಗೆ ಬಂದೆ. ಹಲಗೆಯ ಮೇಲೆ ಬೀಗದಣ್ಣನ ನೀರಿನ ಬಾಟಲಿ ಇತ್ತು, ನನ್ನ ಹತ್ತಿಬಟ್ಟೆ ಇತ್ತು.

'ಡಿಸ್ಕ್ ಎಲ್ಲಣ್ಣ?'

'ಮೇಡಂ ತಗೊಂಡು ಹೋದ್ರಲ್ಲಕ್ಕ. ನೀವೇ ಹೇಳಿದ್ರಲ್ಲ, ಹಾಗೇ ಮಾಡಿ ಅಂತ.'

'ಹೇಗೆ ಮಾಡೋಕೆ?'

'ಚೀಟೀಲಿ ಇದ್ದ ಹಾಗೆ.'

'ಏನಿತ್ತು ಚೀಟೀಲಿ?'

ಅವನು ನನ್ನ ಮುಖ ನೋಡಿದ. 'ಡಿಸ್ಟ್ರಾಯ್' ಎಂದ.

ಪದ ಗೊತ್ತಿತ್ತು. ಹನ್ನೊಂದನೆಯದು. ದಿನಾ ಬಸ್ಸಿನಲ್ಲಿ, ಎರಡನೇ ಸ್ಟಾಪು ದಾಟಿದ ಮೇಲೆ ಕಿವಿಯಲ್ಲಿ ಬರುತ್ತಿತ್ತು. 'ಡಿಸ್ಟ್ರಾಯ್. ಅಂದ್ರೆ ಮತ್ತೆ ಸಿಗದ ಹಾಗೆ ಮಾಡೋದು.'

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. 'ಮಾವಾ, ನಿಲ್ಸಿ! ನಿಲ್ಸಿ!' ಎಂದು ಕೂಗಿದ್ದು ಅತ್ತೆಯ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ನಾನೇ ನುಗ್ಗಿ ಕೆಂಪು ಗುಂಡಿಯನ್ನು ಮುಷ್ಟಿಯಲ್ಲಿ ಗುದ್ದಿದೆ. ಯಂತ್ರ ನರಳಿ ನಿಂತಿತು. ಮಾವ ಬೈಯಲು ಬಾಯಿ ತೆರೆದರು.

'ನಮ್ಮೋರ ದನಿ ಮಾವ. ಇದ್ರೊಳಗೆ ನಮ್ಮೋರ ದನಿ ಇದೆ.'

ಅವರಿಗೆ ಏನು ಅರ್ಥವಾಯಿತೋ, ಕೈಗವಸು ಕಿತ್ತೆಸೆದು ಅತ್ತೆಯ ಬಾಯಿಯೊಳಗೆ ಕೈ ಹಾಕಿದರು. ಯಂತ್ರದ ಬಾಯಿಯಲ್ಲಿ ಇನ್ನೂ ನುಂಗದ ಮೂವತ್ತು ಮೂವತ್ತೈದು ಡಿಸ್ಕುಗಳಿದ್ದವು. ಒಂದೊಂದನ್ನೇ ಎತ್ತಿ ಹೊರಗಿಟ್ಟೆವು. ಬಿಳಿ ಪಟ್ಟಿ ಇರಲಿಲ್ಲ. ಪಕ್ಕದಲ್ಲಿ ಮೂರು ಬುಟ್ಟಿ ತುಂಬ ಕಾದಿದ್ದವು. ನೆಲಕ್ಕೆ ಸುರಿದು ಮಂಡಿಯೂರಿದೆ. ಬೇರೆ ಮೇಜುಗಳವರೂ ಬಂದು ಕೂತರು. ಬಿಳಿ ಪಟ್ಟಿ, ಬಿಳಿ ಪಟ್ಟಿ ಅಂತ ನಾನು ಬಡಬಡಿಸುತ್ತಿದ್ದೆ. ಇರಲಿ, ಇದರಲ್ಲಿ ಇರಲಿ, ಪೊರಕೆಯಾದರೂ ಹಿಡಿಯುತ್ತೇನೆ, ಕಕ್ಕಸು ತೊಳೆಯುತ್ತೇನೆ, ಇದರಲ್ಲಿ ಇದ್ದರೆ ಸಾಕು. ಇನ್ನೂರಕ್ಕೂ ಮೇಲೆ ಡಿಸ್ಕುಗಳನ್ನು ತಿರುಗಿಸಿ ನೋಡಿದೆವು.

ಚೀಟಿ ಮೇಡಂ ಓಡಿ ಬಂದರು. 'ಮಷೀನ್ ಯಾರು ನಿಲ್ಸಿದ್ದು?' ಎಂದವರು ವಿಷಯ ಕೇಳುತ್ತಲೇ ಬಿಳುಚಿಕೊಂಡರು. ರಿಜಿಸ್ಟರ್ ತೆರೆದು ಬೆರಳಿಟ್ಟು ಓದಿದರು. ಅವರ ದನಿ ಸಣ್ಣದಾಯಿತು. 'ಸಿಬ್ಬಂದಿಯ ಡಿಸ್ಕ್, ಒಂದು. ಹತ್ತು ಮೂವತ್ತೆರಡು.' ಆಮೇಲೆ, 'ನಮ್ಮ ಕೆಲಸದವರದ್ದು ಅಂತ ನಾನೇ ಮೊದಲು ಹಾಕಿಸಿದೆ' ಎಂದರು.

ಯಂತ್ರದ ಹಿಂದೆ ಪುಡಿ ಬೀಳುವ ತೊಟ್ಟಿಯಿದೆ. ಉಗುರಿನಷ್ಟು ದೊಡ್ಡ ಚೂರುಗಳ ರಾಶಿ. ಎರಡೂ ಕೈ ಹಾಕಿ ಬಗೆದೆ. ಯಾರೋ ಬೇಡ ಅಕ್ಕಾ, ಕೈ ಕುಯ್ಯುತ್ತೆ ಅಂದರು. ಕುಯ್ಯಲಿ. ಮೊಣಕೈ ತನಕ ಹೋದಾಗ ಮೆತ್ತಗೆ ಏನೋ ತಗುಲಿತು. ಎಳೆದೆ. ಬೆರಳುದ್ದದ ಬಿಳಿ ಬ್ಯಾಂಡೇಜ್ ಪಟ್ಟಿ, ಅದಕ್ಕೆ ಚೀಟಿಯ ಒಂದು ಹರಕು, ಚೀಟಿಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಚೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರು ವಾರ ಕಂಬಳಿ ಕಟ್ಟಿ ಬೆವರಿದ್ದು ಅಷ್ಟಾಗಿತ್ತು.

'ನೀವು ಓದಿದ್ದೀನಿ ಅಂದ್ರಲ್ಲಾ' ಎಂದರು ಮೇಡಂ. ಸಿಟ್ಟಿನಿಂದಲ್ಲ, ಬೇಡುವ ಹಾಗೆ.

'ನಂಗೆ ಓದೋಕೆ ಬರಲ್ಲ ಮೇಡಂ' ಎಂದೆ. ಮೂರು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಇಡೀ ಶೆಡ್ಡಿನ ಮುಂದೆ ಹೇಳಿದೆ, ಯಾವ ನಾಚಿಕೆಯೂ ಆಗಲಿಲ್ಲ. ನಾಚಿಕೆಯನ್ನೆಲ್ಲ ಬೆಳಗ್ಗೆ ಗೇಟಿನಲ್ಲೇ ಖರ್ಚು ಮಾಡಿದ್ದೆ.

ಮನೆಯಲ್ಲಿ ಇವರು ತಯಾರಾಗಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯ ತೂತು ಕಾಣದ ಹಾಗೆ ಮಫ್ಲರು, ತೊಡೆಯ ಮೇಲೆ ಸ್ಲೇಟು. ನನ್ನನ್ನು ನೋಡಿ ಗಡಿಯಾರ ತೋರಿಸಿದರು. ನಾನು ಬಾಗಿಲಲ್ಲೇ ನಿಂತೆ. ಮಾತು ಹೊರಡಲಿಲ್ಲ, ನನ್ನ ದನಿಪೆಟ್ಟಿಗೆಯನ್ನೂ ಯಾರೋ ತೆಗೆದ ಹಾಗೆ. ಮುಷ್ಟಿ ಬಿಚ್ಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ನೋಡಿದರು. ನನ್ನ ಕುಯ್ದ ಕೈ ನೋಡಿದರು. ಮತ್ತೆ ಅದನ್ನು ನೋಡಿದರು. ಆಮೇಲೆ ಬಾಯಿ ದೊಡ್ಡದಾಗಿ ತೆರೆಯಿತು. ಬಸ್ಸಿನುದ್ದಕ್ಕೂ ದನಿ ಕೇಳಿಸುತ್ತಿದ್ದ ಆ ಮನುಷ್ಯ ಕೂಗಿದ್ದಕ್ಕೆ ಮಫ್ಲರಿನ ಹಿಂದೆ ಬರೀ ಗಾಳಿ ಸುಯ್ಯೆಂದಿತು. ದೇವರೇ, ಅದನ್ನು ಕೇಳುವ ಬದಲು ಅತ್ತೆಯ ಬಾಯಿಗೆ ನಾನೇ ಬಿದ್ದಿದ್ದರೆ ಚೆನ್ನಾಗಿತ್ತು.

ಸ್ಲೇಟು ಎತ್ತಿಕೊಂಡು 'ನಾನು ಅಂಟಿಸಿದೆ' ಎಂದು ಬರೆದರು. ನಾನು ಅಂಗೈಯಿಂದ ಒರೆಸಿ, 'ನಾನು ಓದ್ಲಿಲ್ಲ' ಎಂದೆ. ಅವರು ಕಿತ್ತುಕೊಂಡು ಮತ್ತೆ 'ನಾನು' ಎಂದು ಬರೆದರು, ನಾನು ಮತ್ತೆ ಒರೆಸಿದೆ. ಒಂದು ಸ್ಲೇಟಿಗಾಗಿ ಇಬ್ಬರೂ ಕಿತ್ತಾಡಿದೆವು. ಕೊನೆಗೆ ಅವರು ನಿಧಾನವಾಗಿ ಬರೆದರು: 'ಇಪ್ಪತ್ತಮೂರು ದಿನ ಓದಿದೆಯಲ್ಲ?'

'ಪಟ್ಟಿ ನೋಡಿ ಹೇಳ್ತಿದ್ದೆ ರೀ. ಹೊಸ ಪಟ್ಟಿ ಬೆಳ್ಳಗಿರುತ್ತೆ. ಉಳಿದದ್ದು ನಿಮ್ಮ ಹುಬ್ಬು ಹೇಳ್ತಿತ್ತು.'

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸ್ಲೇಟು ಕೆಳಗಿಟ್ಟು ನನ್ನ ಕೈಗೆ ಅದೇ ಬ್ಯಾಂಡೇಜ್ ಪಟ್ಟಿ ಸುತ್ತಿದರು.

ಮಾರನೆಯ ದಿನ ಫೋನ್ ಹಿಡಿದುಕೊಂಡು ಧ್ವನಿ ವಿಭಾಗಕ್ಕೆ ಹೋದೆವು. ಕಂಡಕ್ಟರ್ ದನಿಯನ್ನು ಯಾರು ತಾನೇ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ? ನಮಗೆ ಮಕ್ಕಳಿಲ್ಲ, ವೀಡಿಯೊ ತೆಗೆಯುವ ಚಟವಿಲ್ಲ. ಉಳಿದದ್ದು ಆ ನಲವತ್ತು ಪದ ಮಾತ್ರ. ಡಾಕ್ಟರಮ್ಮ ಕಿವಿಗೆ ಹಾಕಿಕೊಂಡು ಒಂದೆರಡು ಪದ ಕೇಳಿ, ಹಾರನ್ನು, ಕೆಮ್ಮು ಎಂದು ಗುರುತು ಹಾಕಿಕೊಂಡು ತಲೆಯಲ್ಲಾಡಿಸಿದರು. 'ನಮ್ಮ ಯಂತ್ರಕ್ಕೆ ಇದು ಸಾಲಲ್ಲಮ್ಮ. ಬೇರೆ ಸದ್ದಿಲ್ಲದ್ದು ಗಂಟೆಗಟ್ಟಲೆ ಬೇಕು' ಎಂದರು. ಬೇರೊಬ್ಬರ ದನಿಯ ಯಂತ್ರವಿದೆ, ಸಿದ್ಧವಾಗಿದೆ, ಒಯ್ಯಿರಿ ಎಂದರು. ಇವರು ಅದರಲ್ಲಿ 'ಮುಂದೆ ಹೋಗಿ' ಅಂತ ಟೈಪ್ ಮಾಡಿದರು. ಯಾವುದೋ ನಯವಾದ ಗಂಡಸು ಬಲು ಮರ್ಯಾದೆಯಿಂದ 'ಮುಂದೆ ಹೋಗಿ' ಅಂದ. ಇವರು ಸ್ವಿಚ್ಚು ಆರಿಸಿ ಎದ್ದು ನಿಂತರು. ಗುಟ್ಟಿನ ಆ ಮೊದಲ ಮಾತು ಏನು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ, ಕೇಳುವ ಧೈರ್ಯವಿಲ್ಲ.

ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಇವರು ಅಕ್ಷರ ಬರೆದು ತೋರಿಸಿದರು, ನಾನು ಕಲಿತೆ. ಐವತ್ತರ ಹತ್ತಿರದ ತಲೆಗೆ ಮೂರು ತಿಂಗಳಲ್ಲಿ ಹತ್ತದ್ದು ಎಂಟು ದಿನದಲ್ಲಿ ಹತ್ತಿತು. ಮೊದಲೇ ಹತ್ತಬಹುದಿತ್ತು ಅನ್ನುವುದೇ ಹೊಟ್ಟೆಯಲ್ಲಿ ಬೆಂಕಿ. ಪರೀಕ್ಷೆಯ ದಿನ ಮೇಡಂ ಚೀಟಿ ಎತ್ತುತ್ತಾ ಹೋದರು, ನಾನು ಓದುತ್ತಾ ಹೋದೆ. 'ಆಯ್ತು, ಹೋಗಿ' ಎಂದರು.

'ಮೂವತ್ತೊಂಬತ್ತೇ ಆಯ್ತು ಮೇಡಂ.'

'ಅದೊಂದು ಬೇಡ ಬಿಡಿ.'

'ತೋರ್ಸಿ' ಎಂದೆ. ಅವರು ತೋರಿಸಿದರು. ಓದಿದೆ, ಅರ್ಥ ಹೇಳಿದೆ. ನನ್ನ ಮೇಜು ನನಗೇ ಉಳಿಯಿತು.

ಆ ಸಾಯಂಕಾಲ ಮನೆಗೆ ಬಂದಾಗ ಇವರು ಮೂರು ಸಲ ಮೇಜು ಕುಟ್ಟಿ ಕರೆದರು. ಎದುರಿಗೆ ನನ್ನ ಹಳೆಯ ಕುರ್ಚಿ ಎಳೆದಿಟ್ಟಿದ್ದರು. ಪಾಸಾದೆ ಅಂದೆ. ಅವರು ನನ್ನ ಫೋನಿಗೆ ಕೈ ಚಾಚಿದರು, ನಲವತ್ತು ಪದ ಹಾಕಿದರು. ಇಬ್ಬರೂ ಕೂತು ಕೇಳಿದೆವು. ಹನ್ನೊಂದನೆಯದು ಬಂದಾಗ ಅವರು ನನ್ನ ಮೊಣಕೈ ಹಿಡಿದುಕೊಂಡರು, ಹಿಡಿದೇ ಇದ್ದರು.

ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಬಸ್ಸಿನಲ್ಲಿ ಕೇಳುವಾಗ ನಲವತ್ತಕ್ಕೆ ನನ್ನ ಸ್ಟಾಪು ಬರುತ್ತಿತ್ತು, ಅಲ್ಲೇ ನಿಲ್ಲಿಸಿ ಇಳಿಯುತ್ತಿದ್ದೆ. ಅದರ ಮುಂದೆಯೂ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೆಮ್ಮು ಬಂತು, ಕುರ್ಚಿ ಸರಿದ ಸದ್ದು ಬಂತು, ಆಮೇಲೆ ಪಾಠದ ದನಿಯಲ್ಲ, ಮನೆಯ ದನಿ: 'ಇಂಜಿನಿಯರಮ್ಮಾ, ಸಾಕಾ? ಇನ್ನೊಂದ್ಸಲ ಹೇಳ್ಲಾ?'

ಅದರ ಹಿಂದೆಯೇ ನನ್ನ ದನಿ, ಅವಸರದಲ್ಲಿ: 'ಸಾಕು ರೀ, ಸಾಕು. ಗಂಟಲು ನೋಯ್ಸ್ಕೋಬೇಡಿ. ನಿಲ್ಸಿ.'

ಟಕ್ ಅಂತ ನಿಂತಿತು. ಅವತ್ತು ಅವರು ನಿಲ್ಲಿಸಿದ್ದಲ್ಲ, ನಾನೇ ನಿಲ್ಲಿಸಿದ್ದು.

ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. 'ಸಾಕಾಗಿಲ್ಲ ರೀ' ಎಂದೆ. 'ಇನ್ನೊಂದ್ಸಲ ಹೇಳಿ.'

ಅವರು ಮೇಜನ್ನು ಒಂದು ಸಲ ಕುಟ್ಟಿ, ಫೋನನ್ನು ಮೊದಲಿನಿಂದ ಹಾಕಿದರು.